ಮಗಳಿಗೊಂದು ಪತ್ರ: ತೂಕ ಬೇರೆ, ಎಣಿಕೆ ಬೇರೆ

ಶಿರಸಿ

ಪ್ರೀತಿಯ ಕೂಸಿಗೆ,

ನಿನ್ನೆ ಫೋನಿನಲ್ಲಿ ನಿನ್ನ ಧ್ವನಿ ಕೇಳಿದ ಮೇಲೆ ರಾತ್ರಿ ನಿದ್ದೆ ಹತ್ತಲಿಲ್ಲ. ಪ್ರಯೋಗವನ್ನೆಲ್ಲ ಜೋಪಾನವಾಗಿ ಮಾಡಿಯೂ ಉತ್ತರ ಎರಡು ಪಟ್ಟು ಬಂತೆಂದರೆ ಯಾರಿಗಾದರೂ ಅಳು ಬರುತ್ತದೆ. ಕಾರವಾರಕ್ಕೆ ಬಂದು ಎದುರು ಕುಳಿತು ಹೇಳಿಕೊಡುವ ಆಸೆ ನನಗೆ. ಆದರೆ ಅಡಿಕೆ ತೋಟಕ್ಕೆ ಎರಡನೆಯ ಸಲ ಔಷಧಿ ಹೊಡೆಯುವುದು ಬಾಕಿ ಇದೆ. ಮಳೆ ಎರಡು ದಿನ ಹೊಳವಾಗುವುದನ್ನೇ ಕಾಯುತ್ತಿದ್ದೇವೆ. ಅದಕ್ಕೇ ಈ ಪತ್ರ.

ನೀನು ಹೇಳಿದ ಅಂಕಿಗಳನ್ನು ಬರೆದಿಟ್ಟುಕೊಂಡಿದ್ದೆ. 20 ಮಿಲಿಲೀಟರ್ ಸಲ್ಫ್ಯೂರಿಕ್ ಆಮ್ಲವನ್ನು ತಟಸ್ಥಗೊಳಿಸಲು 0.1 ಮೋಲಾರ್, ಅಂದರೆ ಲೀಟರಿಗೆ 0.1 ಮೋಲ್ ಇರುವ, ಸೋಡಿಯಂ ಹೈಡ್ರಾಕ್ಸೈಡ್ 24 ಮಿಲಿಲೀಟರ್ ಬೇಕಾಯಿತು. ಮೋಲ್ ಎಂದರೆ ಡಜನ್ ಇದ್ದ ಹಾಗೆ, ಕಣಗಳ ಒಂದು ನಿಗದಿತ ಎಣಿಕೆ. ನೀನು ಎಂ1ವಿ1 = ಎಂ2ವಿ2 (ಸಾರತೆಯನ್ನು ಗಾತ್ರದಿಂದ ಗುಣಿಸಿದರೆ ಎರಡೂ ಕಡೆ ಸಮ) ಎಂದು ಬರೆದು ಆಮ್ಲದ ಸಾರತೆ, ಅಂದರೆ ಲೀಟರಿಗೆ ಎಷ್ಟು ಮೋಲ್ ಎಂಬುದು, 0.12 ಎಂದೆ. ಹೈಡ್ರೋಕ್ಲೋರಿಕ್ ಆಮ್ಲವಾಗಿದ್ದರೆ ಅದು ಸರಿಯೇ, ಅಲ್ಲಿ ಒಂದಕ್ಕೆ ಒಂದು. ಸಲ್ಫ್ಯೂರಿಕ್ ಆಮ್ಲದ ಒಂದು ಅಣು ಎರಡು ಹೈಡ್ರೋಜನ್ ಅಯಾನುಗಳನ್ನು ಬಿಟ್ಟುಕೊಡುತ್ತದೆ, ಎರಡಕ್ಕೂ ಒಂದೊಂದು ಹೈಡ್ರಾಕ್ಸೈಡ್ ಬೇಕು. ಸೂತ್ರವನ್ನು ಬದಿಗಿಟ್ಟು ಎಣಿಸು. 0.024 ಲೀಟರನ್ನು 0.1ರಿಂದ ಗುಣಿಸಿದರೆ ಪ್ರತ್ಯಾಮ್ಲ, ಅಂದರೆ ಸೋಡಿಯಂ ಹೈಡ್ರಾಕ್ಸೈಡ್, 0.0024 ಮೋಲ್. ಆಮ್ಲ ಅದರ ಅರ್ಧ, 0.0012 ಮೋಲ್. ಅಷ್ಟು ಇದ್ದದ್ದು 0.020 ಲೀಟರಿನಲ್ಲಿ. ಭಾಗಿಸಿದರೆ 0.06 ಮೋಲಾರ್. ನಿನ್ನ ಕೈಯೂ ತಪ್ಪಿಲ್ಲ, ದ್ರಾವಣ ಅಳೆದು ಬಿಡುವ ಬ್ಯುರೆಟ್ಟೂ ತಪ್ಪಿಲ್ಲ. ಸಮೀಕರಣ ಬರೆಯುವ ಮೊದಲೇ ಲೆಕ್ಕಕ್ಕೆ ಕೈ ಹಾಕಿದೆ, ಅಷ್ಟೇ.

ನಾವು ತೆಂಗಿನಕಾಯಿಯನ್ನು ಎಣಿಸಿ ಮಾರುತ್ತೇವೆ, ಅಡಿಕೆಯನ್ನು ತೂಗಿ ಮಾರುತ್ತೇವೆ. ಅಣುಗಳನ್ನು ಎಣಿಸಲು ಆಗುವುದಿಲ್ಲವಾದ್ದರಿಂದ ತೂಗಿಯೇ ಎಣಿಕೆ ತಿಳಿಯಬೇಕು. ಮೋಲ್ ಇರುವುದು ಅದಕ್ಕೆ. 40 ಗ್ರಾಂ ಸೋಡಿಯಂ ಹೈಡ್ರಾಕ್ಸೈಡ್ ಒಂದು ಮೋಲ್, ಸಲ್ಫ್ಯೂರಿಕ್ ಆಮ್ಲವಾದರೆ 98 ಗ್ರಾಂ. ನಾನು ಬಿ.ಎಸ್‌ಸಿ. ಮುಗಿಸಿ ತೋಟಕ್ಕೆ ಮರಳಿದ ಮೇಲೂ ಇದನ್ನು ಮರೆಯಲಿಲ್ಲ, ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬೆರೆಸಿ ಮಾಡುವ ಬೋರ್ಡೋ ದ್ರಾವಣ ಮರೆಯಲು ಬಿಡಲಿಲ್ಲ. ಅಡಿಕೆಯ ಕೊಳೆ ರೋಗಕ್ಕೆ ನಾವು ಹೊಡೆಯುವ ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ತಕ್ಕಡಿಯಲ್ಲಿ ಎರಡೂ ಸಮ. ಎಣಿಸಿ ನೋಡು: ಮೈಲುತುತ್ತದ ಒಂದು ಮೋಲ್ ಸುಮಾರು 250 ಗ್ರಾಂ, ಹಾಗಾಗಿ 1 ಕಿಲೋದಲ್ಲಿ 4 ಮೋಲ್. ಸುಟ್ಟ ಸುಣ್ಣದ ಒಂದು ಮೋಲ್ 56 ಗ್ರಾಂ, 1 ಕಿಲೋದಲ್ಲಿ ಸುಮಾರು 18 ಮೋಲ್. ಸಮೀಕರಣದ ಪ್ರಕಾರ ಒಂದಕ್ಕೆ ಒಂದು ಸಾಕು. ಅಂದರೆ ಸುಣ್ಣ ನಾಲ್ಕು ಪಟ್ಟಿಗೂ ಹೆಚ್ಚು.

ಇಷ್ಟಿದ್ದೂ ಒಂದು ವರ್ಷ ನಾನು ಸೋತೆ. ನೀನಾಗ ತುಂಬಾ ಚಿಕ್ಕವಳು. ಚೀಲದ ಬಾಯಿ ಸರಿಯಾಗಿ ಕಟ್ಟದೆ ಅಟ್ಟದ ಮೇಲೆ ಇಟ್ಟಿದ್ದ ಹಳೆಯ ಸುಣ್ಣವನ್ನೇ ತೂಗಿ ಹಾಕಿಬಿಟ್ಟೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಕುಡಿದು ಅದರ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿತ್ತು, ತೂಕವಿತ್ತು, ಕಸುವಿರಲಿಲ್ಲ. ಅಡಿಕೆ ಮರ ಹತ್ತುವ ಕೊನೆಗೌಡರು ಮರವೇರಿ ಹೊಡೆದರು. ಆಮ್ಲ ಉಳಿದಿದ್ದ ಆ ದ್ರಾವಣ ಮಿಳ್ಳೆಗಳನ್ನು, ಅಂದರೆ ಎಳೆಯ ಅಡಿಕೆಕಾಯಿಗಳನ್ನು, ಸುಟ್ಟಿತು. ಹೊಡೆಯುವ ಮೊದಲು ಕಬ್ಬಿಣದ ಕತ್ತಿಯನ್ನು ಒಂದು ನಿಮಿಷ ಅದ್ದಿ ನೋಡಿದ್ದರೆ ಸಾಕಿತ್ತು: ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದೇ ಅರ್ಥ. ಆ ವರ್ಷ ನಿನ್ನ ಆಯಿ ಒಂದು ಮಾತೂ ಆಡಲಿಲ್ಲ, ಅದು ನನಗೆ ಇನ್ನೂ ನೋವು.

ನಿಮ್ಮ ಸೋಡಿಯಂ ಹೈಡ್ರಾಕ್ಸೈಡೂ ಹಾಗೆಯೇ ಗಾಳಿಯಿಂದ ತೇವವನ್ನೂ ಇಂಗಾಲದ ಡೈಆಕ್ಸೈಡನ್ನೂ ಹೀರುತ್ತದೆ. 4 ಗ್ರಾಂ ತೂಗಿ ಒಂದು ಲೀಟರ್ ಮಾಡಿದರೂ ಅದು 0.1 ಮೋಲಾರ್ ಎಂದು ನಂಬುವಂತಿಲ್ಲ. ಅದಕ್ಕಾಗಿಯೇ ಮೊದಲು ಆಕ್ಸಾಲಿಕ್ ಆಮ್ಲದೊಂದಿಗೆ ಹೋಲಿಸಿ ಅದರ ನಿಜವಾದ ಸಾರತೆ ಕಂಡುಕೊಳ್ಳುವುದು. ಆಕ್ಸಾಲಿಕ್ ಹರಳು ಗಾಳಿಯಲ್ಲಿ ಕೆಡುವುದಿಲ್ಲ, 6.3 ಗ್ರಾಂ ಒಂದು ಲೀಟರಿನಲ್ಲಿ ಕರಗಿಸಿದರೆ 0.05 ಮೋಲಾರ್. ನೆನಪಿಡು, ಅದೂ ಎರಡು ಹೈಡ್ರೋಜನ್ ಕೊಡುವ ಆಮ್ಲವೇ. ಬಣ್ಣ ಬದಲಿಸಿ ತಟಸ್ಥವಾದದ್ದನ್ನು ತೋರಿಸುವ ಫಿನಾಲ್ಫ್ಥಲೀನ್ ಕಡುಗುಲಾಬಿಯಾಗುವ ತನಕ ಸೋಡಿಯಂ ಹೈಡ್ರಾಕ್ಸೈಡ್ ಬಿಡಬೇಡ. ಅರ್ಧ ನಿಮಿಷ ನಿಲ್ಲುವ ತೆಳು ಬಣ್ಣ ಬಂದಾಗ ಕೈ ಹಿಡಿ.

ಆಯಿ ಮುರುಗಲು ಸಿಪ್ಪೆ ಒಣಗಿಸಿಟ್ಟಿದ್ದಾಳೆ, ಚೌತಿಗೆ ಬಂದಾಗ ಒಯ್ಯುವೆಯಂತೆ. ಬರುವಾಗ ನನಗೊಂದು ಪುಸ್ತಕ ಪಿಎಚ್ ಕಾಗದ, ಆಮ್ಲವೋ ಪ್ರತ್ಯಾಮ್ಲವೋ ಎಂದು ಬಣ್ಣದಿಂದ ತೋರಿಸುವ ಕಾಗದ, ಕೊಂಡು ತಾ. ಕತ್ತಿ ಅದ್ದಿ ನೋಡುತ್ತೇನೆ, ಆದರೂ ಕಾಗದವೂ ಇರಲಿ.

ನಿನ್ನ ಅಪ್ಪ