ಮಗಳಿಗೊಂದು ಪತ್ರ: ಯುನ್ನಾನ್‌ಗೆ ಹೊರಡುವ ಮುನ್ನ

ಪ್ರೀತಿಯ ಪುಟ್ಟಿ,

ನೀನು ಓದಲು ಚೀನಾದ ಯುನ್ನಾನ್ ಪ್ರಾಂತ್ಯದ ರಾಜಧಾನಿ ಕುನ್ಮಿಂಗ್‌ಗೆ ಹೋಗುವುದು ಖಚಿತವಾದಾಗಿನಿಂದ ಮನೆಯಲ್ಲಿ ಎಲ್ಲರೂ ಯುನ್ನಾನ್ ವಿಡಿಯೋಗಳನ್ನೇ ನೋಡುತ್ತಿದ್ದಾರೆ. ಅಮ್ಮನಿಗೆ ಚಳಿಯ ಚಿಂತೆ, ಅಜ್ಜಿಗೆ ಊಟದ ಚಿಂತೆ. ವಿಡಿಯೋಗಳೆಲ್ಲ ಹೇಳುವುದು ಒಂದೇ: 25 ಅಲ್ಪಸಂಖ್ಯಾತ ಜನಾಂಗ, 25 ಥರದ ಬಟ್ಟೆ, 25 ಥರದ ಕುಣಿತ. ನನಗೆ ಆ 25ರ ಬಗ್ಗೆಯೇ ಸ್ವಲ್ಪ ತಕರಾರು ಇದೆ. ನಾನು ಅಲ್ಲಿಗೆ ಹೋದವನಲ್ಲ, ಓದಿ ತಿಳಿದವನು. ಆದರೂ ಕೇಳು.

ಮೊದಲು ನೆಲ. ಯುನ್ನಾನ್ ನಮ್ಮ ಕರ್ನಾಟಕದ ಎರಡರಷ್ಟು ದೊಡ್ಡದು, ಜನ ಮಾತ್ರ ನಮಗಿಂತ ಕಡಿಮೆ. 2020ರ ಜನಗಣತಿಯಲ್ಲಿ 4.7 ಕೋಟಿ. ಬಹುಪಾಲು ಬೆಟ್ಟವೇ. ವಿಯೆಟ್ನಾಂ ಗಡಿಯ ಹೆಕೌ ಬಳಿ ಸಮುದ್ರಮಟ್ಟದಿಂದ ನೂರು ಮೀಟರ್ ಎತ್ತರವೂ ಇಲ್ಲ. ಟಿಬೆಟ್ ಗಡಿಯ ಕವಾ ಕಾರ್ಪೊ ಶಿಖರ 6,740 ಮೀಟರ್. ಆ ಶಿಖರವನ್ನು ಇವತ್ತಿಗೂ ಯಾರೂ ಹತ್ತಿಲ್ಲ. ಟಿಬೆಟನ್ನರಿಗೆ ಅದು ದೇವರು. 1991ರಲ್ಲಿ ಚೀನಾ ಮತ್ತು ಜಪಾನಿನ 17 ಆರೋಹಿಗಳು ಹಿಮಪಾತಕ್ಕೆ ಸಿಕ್ಕಿ ಸತ್ತರು. ಆಮೇಲೆ ಹತ್ತುವುದನ್ನೇ ನಿಷೇಧಿಸಿದರು. ವಾಯವ್ಯ ಮೂಲೆಯಲ್ಲಿ ಯಾಂಗ್ತ್ಸೆ, ಮೆಕಾಂಗ್, ಸಲ್ವೀನ್ ಮೂರೂ ನದಿಗಳು ಅಕ್ಕಪಕ್ಕದ ಕಣಿವೆಗಳಲ್ಲಿ ಹರಿಯುತ್ತವೆ. ನಡುವೆ ಗೋಡೆಯಂಥ ಬೆಟ್ಟಸಾಲು. ಆಮೇಲೆ ಒಂದೊಂದೂ ಒಂದೊಂದು ದಿಕ್ಕು ಹಿಡಿದು ಬೇರೆ ಬೇರೆ ಸಮುದ್ರ ಸೇರುತ್ತವೆ.

ಇಂಥ ನೆಲದಲ್ಲಿ ಯಾರು ಎಲ್ಲಿ ಬದುಕುತ್ತಾರೆ ಎಂಬುದನ್ನು ನಕ್ಷೆ ನೋಡಿ ಹೇಳಲಾಗದು, ಎತ್ತರ ನೋಡಬೇಕು. ದಕ್ಷಿಣದ ಶಿಷುವಾಂಗ್‌ಬನ್ನಾದಲ್ಲಿ ಕಣಿವೆಯ ಗದ್ದೆಗಳಲ್ಲಿ ದೈ ಜನ. ಬೌದ್ಧರು, ಮಾತು ಥಾಯ್ ಭಾಷೆಯ ನೆಂಟ. ಮೇಲಿನ ಇಳಿಜಾರಿನಲ್ಲಿ ಚಹಾ ಬೆಳೆಯುವ ಬುಲಾಂಗ್, ಜಿನೊ, ಹಾನಿ ಜನ (ಹೆಸರು ಕೇಳಿ ನಗಬೇಡ). ಸಂತೆಯ ದಿನ ಎಲ್ಲರೂ ಕೆಳಗಿಳಿಯುತ್ತಾರೆ, ಒಬ್ಬೊಬ್ಬರಿಗೆ ಎರಡು ಮೂರು ಭಾಷೆ ಬರುತ್ತದೆ. ಇದು ನಮ್ಮ ಮಂಗಳೂರು ಕಡೆಯವರಿಗೆ ಹೊಸದೇನಲ್ಲ, ಅಲ್ವಾ?

ಈಗ 25ರ ಕಥೆಗೆ ಬರುತ್ತೇನೆ. 1950ರ ದಶಕದ ಮೊದಲಲ್ಲಿ ಚೀನಾದ ಹೊಸ ಸರ್ಕಾರ ಜನಗಣತಿ ಮಾಡಿತು. ನಿಮ್ಮ ಜನಾಂಗ ಯಾವುದು ಅಂತ ಕೇಳಿದರೆ ಯುನ್ನಾನ್ ಒಂದರಿಂದಲೇ 200ಕ್ಕೂ ಹೆಚ್ಚು ಹೆಸರು ಬಂದವು. ಅಷ್ಟೊಂದು ಹೆಸರಿಟ್ಟುಕೊಂಡು ಆಡಳಿತ ನಡೆಸುವುದು ಹೇಗೆ? 1954ರಲ್ಲಿ ಲಿನ್ ಯಾವೊಹುವಾ ಎಂಬ ಮಾನವಶಾಸ್ತ್ರಜ್ಞರಿದ್ದ ಒಂದು ತಂಡವನ್ನು ಕಳಿಸಿದರು. ಕೆಲವೇ ತಿಂಗಳಲ್ಲಿ ಅವರು ಅಷ್ಟೂ ಹೆಸರನ್ನು ಎರಡು ಡಜನ್‌ನಷ್ಟು ಗುಂಪಿಗೆ ಇಳಿಸಿದರು. ಅದಕ್ಕೆ ಆಧಾರವಾಗಿದ್ದ ಒಂದು ಭಾಷಾಪಟ್ಟಿ ಎಲ್ಲಿಂದ ಬಂದದ್ದು ಗೊತ್ತಾ? ಹೆನ್ರಿ ಡೇವಿಸ್ ಎಂಬ ಬ್ರಿಟಿಷ್ ಸೇನಾಧಿಕಾರಿಯಿಂದ. ಅವನು ಅಲ್ಲೆಲ್ಲ ಅಲೆದದ್ದು ನಮ್ಮ ದೇಶದ ಕಡೆಯಿಂದ ಯಾಂಗ್ತ್ಸೆವರೆಗೆ ರೈಲು ಹಾಕಲು ದಾರಿ ಹುಡುಕುತ್ತಾ. ಹೋದಲ್ಲೆಲ್ಲ ಒಂದಿಷ್ಟು ಪದ ಬರೆದುಕೊಂಡು ಭಾಷೆಗಳನ್ನು ವಿಂಗಡಿಸಿದ. ರೈಲಂತೂ ಬರಲಿಲ್ಲ, ಪಟ್ಟಿ ಉಳಿಯಿತು! ಜಿನೊ ಜನರಿಗೆ ಪ್ರತ್ಯೇಕ ಮಾನ್ಯತೆ ಸಿಕ್ಕಿದ್ದು 1979ರಲ್ಲಿ. ಆಮೇಲೆ ಬಾಗಿಲು ಮುಚ್ಚಿತು.

ಲುಗು ಸರೋವರದ ಮೊಸುವೊ ಜನರನ್ನೇ ನೋಡು. ಸರೋವರದ ನಡುವೆ ಯುನ್ನಾನ್ ಮತ್ತು ಸಿಚುವಾನ್ ಗಡಿ ಹಾದುಹೋಗುತ್ತದೆ. ಯುನ್ನಾನ್ ದಡದ ಮೊಸುವೊಗಳು ಕಾಗದದಲ್ಲಿ ನಾಶಿ ಜನಾಂಗ. ಆ ದಡದವರು ಮಂಗೋಲರು! ಅದೇ ಮಾತು, ಅದೇ ನೆಂಟಸ್ತನ, ಬರೀ ದೋಣಿ ದಾಟಿದರೆ ಜನಾಂಗ ಬೇರೆ. ಇವರಲ್ಲಿ ಮನೆ ಅಜ್ಜಿಯದು, ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತದೆ. ಗಂಡಸು ರಾತ್ರಿ ಸಂಗಾತಿಯ ಮನೆಗೆ ಹೋಗಿ ಬೆಳಗ್ಗೆ ತಾಯಿಮನೆಗೆ ಬರುತ್ತಾನೆ. ಅಕ್ಕತಂಗಿಯರ ಮಕ್ಕಳನ್ನು ಸಾಕುವ ಹೊಣೆ ಸೋದರಮಾವನದು. ಅಳಿಯಕಟ್ಟು ಕಂಡ ನಾಡಿನ ನಮಗೆ ಇದರಲ್ಲಿ ಅಂಥ ಬೆರಗೇನಿಲ್ಲ. ಆದರೆ ಪ್ರವಾಸಿಗರಿಗೆ ಇದನ್ನು ‘ಹೆಣ್ಣುಗಳ ರಾಜ್ಯ’ ಅಂತ ಚಪಲಕ್ಕೆ ಮಾರುತ್ತಾರೆ. ನೀನು ಆ ಗುಂಪಿನಲ್ಲಿ ಇರಬೇಡ.

ಹಾಗಂತ ಸರ್ಕಾರಿ ಹೆಸರೆಲ್ಲ ಸುಳ್ಳು ಅಂತಲ್ಲ. 70 ವರ್ಷದಲ್ಲಿ ಜನ ಆ ಹೆಸರುಗಳನ್ನು ತಮ್ಮದಾಗಿಸಿಕೊಂಡಿದ್ದಾರೆ. ಅದರ ಮೇಲೆ ಶಾಲೆ, ಸೀಟು, ಸ್ವಾಯತ್ತ ಜಿಲ್ಲೆ ಎಲ್ಲ ನಿಂತಿವೆ. ನಮ್ಮಲ್ಲಿ ಜಾತಿ ಪ್ರಮಾಣಪತ್ರ ಏನೆಲ್ಲ ಮಾಡುತ್ತದೆ ಎಂಬುದು ನಿನಗೆ ಗೊತ್ತೇ ಇದೆ.

ಇತಿಹಾಸದಲ್ಲಿ ನನಗೆ ಇಷ್ಟವಾದ ಭಾಗ ಯುನ್ನಾನ್‌ನ ಪಶ್ಚಿಮದ ದಾಲಿ. ಬಹಳ ಕಾಲ ಇದು ಚೀನಾದ ಚಕ್ರವರ್ತಿಗಳ ಆಳ್ವಿಕೆಯ ಹೊರಗಿತ್ತು. 8ನೇ ಶತಮಾನದಲ್ಲಿ ಇಲ್ಲಿಂದ ಎದ್ದ ನಾನ್‌ಝಾವೊ ರಾಜ್ಯ ಚೀನಾದ ತಾಂಗ್ ವಂಶದ ಚಕ್ರವರ್ತಿಯ ಸೈನ್ಯವನ್ನೇ ಸೋಲಿಸಿತು. ಅದರ ನಂತರ 937ರಲ್ಲಿ ದಾಲಿ ರಾಜ್ಯ. ಬೌದ್ಧ ರಾಜರು. ಹಲವರು ಸಿಂಹಾಸನ ಬಿಟ್ಟು ಸನ್ಯಾಸಿಗಳಾದರು. ಅಶೋಕನ ಮಕ್ಕಳು ಬಂದು ಇಲ್ಲಿ ನೆಲೆಸಿದರು ಎಂಬ ಕಥೆ ಆ ಕಡೆ ಇದೆ. ಕಥೆಯಷ್ಟೇ, ಆದರೆ ಅವರು ಬೇರು ಹುಡುಕಿದ್ದು ಯಾವ ದಿಕ್ಕಿನಲ್ಲಿ ನೋಡು.

1253ರಲ್ಲಿ ಕುಬ್ಲಾಯ್ ಖಾನ್ ದಾಲಿಯನ್ನು ಗೆದ್ದ. ಮಂಗೋಲರು 1274ರಲ್ಲಿ ಬುಖಾರಾ ಮೂಲದ ಸಯ್ಯದ್ ಅಜಲ್ ಎಂಬ ಮುಸ್ಲಿಮನನ್ನು ಗವರ್ನರ್ ಮಾಡಿದರು. ಅವನು ಕಾಲುವೆ ತೋಡಿಸಿದ. ಮಸೀದಿಯನ್ನೂ ಕಟ್ಟಿಸಿದ, ಕನ್‌ಫ್ಯೂಷಿಯಸ್ ಗುಡಿಯನ್ನೂ ಕಟ್ಟಿಸಿದ. ಅಲ್ಲಿನ ಹ್ವೇ ಮುಸ್ಲಿಮರಲ್ಲಿ ಅನೇಕರು ತಮ್ಮನ್ನು ಅವನ ವಂಶ ಅನ್ನುತ್ತಾರೆ. ನೌಕಾಪತಿ ಝೆಂಗ್ ಹೆ ಕೂಡ ಈ ಹ್ವೇ ಹುಡುಗನೇ. ಸಮುದ್ರದಿಂದ ಅಷ್ಟು ದೂರದ ಗುಡ್ಡನಾಡಿನಲ್ಲಿ ಹುಟ್ಟಿದವನು. ಚೀನಾದ ಮಿಂಗ್ ವಂಶದ ಸೈನ್ಯ ದಾಳಿ ಮಾಡಿದಾಗ ಸೆರೆಸಿಕ್ಕಿ, ಬೀಜ ಒಡೆಸಿಕೊಂಡು, ಅರಮನೆಯ ಚಾಕರಿಗೆ ಹೋದ. ಆಮೇಲೆ 1405ರಿಂದ ದೊಡ್ಡ ಹಡಗುಪಡೆ ಕಟ್ಟಿಕೊಂಡು ಕಲ್ಲಿಕೋಟೆಗೆ ಬಂದ.

ಇನ್ನೊಂದು ನಂಟು ಕವಡೆ. ನಾವು ಚೌಕಾಬಾರಕ್ಕೆ ಹಾಕುವ ಅದೇ ಕವಡೆ ಯುನ್ನಾನ್‌ನಲ್ಲಿ 17ನೇ ಶತಮಾನದವರೆಗೂ ದುಡ್ಡಾಗಿ ನಡೆಯಿತು. ಮಾಲ್ಡೀವ್ಸ್ ಕಡಲಿನ ಚಿಪ್ಪು ಬಂಗಾಳ, ಬರ್ಮಾ ದಾಟಿ ಅಲ್ಲಿಗೆ ಹೋಗುತ್ತಿತ್ತು. ಚೀನಾದ ಉಳಿದ ಕಡೆ ತಾಮ್ರದ ನಾಣ್ಯ ನಡೆಯುವಾಗ ಇವರ ಸಂತೆ ನಮ್ಮ ಕಡಲಿನ ಲೆಕ್ಕದಲ್ಲಿ ನಡೆಯುತ್ತಿತ್ತು.

ಎಲ್ಲರೂ ಕೂಡಿ ಬಾಳಿದರು ಅಂತ ಹೇಳಿಬಿಡುವುದು ಸುಲಭ. ಆದರೆ 1856ರಲ್ಲಿ ಕುನ್ಮಿಂಗ್‌ನಲ್ಲಿ ಹ್ವೇ ಜನರ ಕಗ್ಗೊಲೆಯಾಯಿತು. ಗಣಿಗಳ ಜಗಳದಿಂದ ಬೆಳೆದ ಹಗೆ ಅದು. ದು ವೆನ್‌ಶಿಯು ಎಂಬ ಹ್ವೇ ನಾಯಕ ಬಂಡೆದ್ದು ದಾಲಿಯಲ್ಲಿ ಬೇರೆ ಸರ್ಕಾರವನ್ನೇ ಕಟ್ಟಿದ. ಅದರಲ್ಲಿ ಬೈ, ಯಿ ಜನರೂ, ಚೀನಾದ ಬಹುಸಂಖ್ಯಾತ ಹಾನ್ ಜನರೂ ಇದ್ದರು. ಚಕ್ರವರ್ತಿಯ ಸೈನ್ಯಕ್ಕೆ ದಾಲಿ ಬಿದ್ದಾಗ ಅಲ್ಲಿ ನಡೆದ ಹತ್ಯೆಗಳನ್ನು ಓದಲು ಕಷ್ಟವಾಗುತ್ತದೆ. ಇನ್ನು 1937–38ರಲ್ಲಿ ಜಪಾನ್ ವಿರುದ್ಧದ ಯುದ್ಧಕ್ಕೆ ಬೇಕೆಂದು ಬರ್ಮಾದಿಂದ ಕುನ್ಮಿಂಗ್‌ಗೆ ಬರುವ ಬರ್ಮಾ ರಸ್ತೆ ಕಡಿದವರು ಹಳ್ಳಿಯ ಜನ, ಅದರಲ್ಲಿ ಹೆಂಗಸರು, ಮಕ್ಕಳೂ ಇದ್ದರು. ಸುಮಾರು 2 ಲಕ್ಷ ಮಂದಿ, ಕೈಯಲ್ಲಿ ಗುದ್ದಲಿ, ಬುಟ್ಟಿ. ಜಪಾನೀಯರು ಆ ದಾರಿ ಮುಚ್ಚಿದ ಮೇಲೆ ನಮ್ಮ ಅಸ್ಸಾಮಿನಿಂದ ವಿಮಾನಗಳು ಹಿಮಾಲಯದ ಅಂಚು ಹಾರಿ ಕುನ್ಮಿಂಗ್‌ಗೆ ಸಾಮಾನು ಹೊತ್ತವು.

ಸುತ್ತಾಡಲು ರಜೆ ಸಿಕ್ಕರೆ ಶಾಂಗ್ರಿ-ಲಾಗೆ ಅವಸರಪಡಬೇಡ. ಅದು ಕಾದಂಬರಿಯ ಊರಿನ ಹೆಸರು. ಪ್ರವಾಸಿಗರು ಬರಲೆಂದು 2001ರಲ್ಲಿ ಝೋಂಗ್‌ದಿಯೆನ್ ಎಂಬ ಊರಿಗೆ ಆ ಹೆಸರಿಟ್ಟರು. ಅದರ ಬದಲು ಹೊಂಗ್ಹೆ ಕಡೆಯ ಹಾನಿ ಗದ್ದೆಗಳಿಗೆ ಹೋಗು. ಗುಡ್ಡದ ತಲೆಯಲ್ಲಿ ಕಡಿಯಬಾರದ ಕಾಡು, ಕೊಡಗಿನ ದೇವರಕಾಡಿನ ಹಾಗೆ. ಅದರ ಕೆಳಗೆ ಊರು, ಊರ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಗದ್ದೆ. ಕಾಡಿನ ನೀರು ಊರೊಳಗಿಂದ ಗೊಬ್ಬರ ಹೊತ್ತು ಗದ್ದೆಗೆ ಇಳಿಯುತ್ತದೆ. ನೀರು ಯಾರಿಗೆ ಎಷ್ಟು ಎನ್ನುವುದನ್ನು ಕಾಲುವೆಗೆ ಅಡ್ಡ ಇಟ್ಟ ಮರದ ತುಂಡಿನ ಕಚ್ಚುಗಳು ತೀರ್ಮಾನಿಸುತ್ತವೆ. ಯುನೆಸ್ಕೋ 2013ರಲ್ಲಿ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಅಜ್ಜಿಗೆ ಹೇಳು, ಊಟದ ಚಿಂತೆ ಬೇಡ. ರೂಬಿಂಗ್ ಅಂತ ಆಡಿನ ಹಾಲಿನ ಪನೀರ್ ಇದೆ, ಹುರಿದು ಉಪ್ಪು ಖಾರ ಹಾಕಿ ಕೊಡುತ್ತಾರೆ. ಮಳೆಗಾಲದಲ್ಲಿ ಕಾಡಿನ ಅಣಬೆಗೆ ಇಡೀ ಊರೇ ಹುಚ್ಚಾಗುತ್ತದೆ. ಕತ್ತರಿಸಿದರೆ ನೀಲಿಯಾಗುವ ಒಂದು ಜಾತಿ ಇದೆ. ಸರಿಯಾಗಿ ಬೇಯದಿದ್ದರೆ ಕಣ್ಣೆದುರು ಪುಟ್ಟ ಪುಟ್ಟ ಮನುಷ್ಯರು ಓಡಾಡುತ್ತಾರಂತೆ. ನೀನು ಮಾತ್ರ ಪೂರ್ತಿ ಬೆಂದಿದ್ದನ್ನೇ ತಿನ್ನು.

ಕೊನೆಗೆ ನನ್ನ ಸ್ವಾರ್ಥದ ಮಾತು. ಚೀನಾದ ಕಾಫಿ ಹೆಚ್ಚೂಕಡಿಮೆ ಎಲ್ಲವೂ ಯುನ್ನಾನ್‌ನದೇ. ಅವರು ಹೆಚ್ಚಾಗಿ ಹಾಕುವುದು ಕ್ಯಾಟಿಮೋರ್ ತಳಿ, ನಮ್ಮ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರು ‘ಕಾವೇರಿ’ ಅಂತ ಬಿಟ್ಟ ತಳಿಯ ನೆಂಟ. ಬಿನ್‌ಚುವಾನ್ ಬಳಿ ಝುಕುಲಾ ಎಂಬ ಯಿ ಜನರ ಹಳ್ಳಿ ಇದೆ. ಫ್ರೆಂಚ್ ಪಾದ್ರಿಯೊಬ್ಬರು ಅಲ್ಲಿ ಕಾಫಿ ನೆಟ್ಟರಂತೆ, ಹಳೇ ಗಿಡಗಳು ಇನ್ನೂ ಇವೆ. ಆ ಕಡೆ ಹೋದರೆ ಗಿಡಕ್ಕೆ ನೆರಳು ಕೊಡುತ್ತಾರಾ, ಎಲೆತುಕ್ಕಿಗೆ ಏನು ಹೊಡೆಯುತ್ತಾರೆ, ಹಣ್ಣು ಒಂದೇ ಸಲ ಕೀಳುತ್ತಾರಾ, ಎಲ್ಲ ಕೇಳಿಕೊಂಡು ಬರೆ. ಫೋಟೋ ಜಾಸ್ತಿ ಕಳಿಸು, ಬುಡದ್ದೂ ಇರಲಿ.

ಪ್ರೀತಿಯಿಂದ,
ಅಪ್ಪ