ಅಜ್ಜಿಯ ಹೆಬ್ಬೆರಳು

ಪುಟ್ಟಿ,

ಮೊನ್ನೆ ಭಾನುವಾರ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು "ಹೂಂ, ಹೌದು" ಅಂದುಬಿಟ್ಟೆ. ಅದು ಸುಳ್ಳು. ಆವತ್ತಿನಿಂದ ಅದೇ ಕೊರೆಯುತ್ತಿದೆ. ಫೋನಿನಲ್ಲೇ ಸರಿಮಾಡೋಣ ಅಂದರೆ ಮಧ್ಯೆ ನಿನ್ನ ಮಗ ರಾಗ ತೆಗೆಯುತ್ತಾನೆ, ಕುಕ್ಕರ್ ಕೂಗುತ್ತದೆ, ನೀನು "ಆಮೇಲೆ ಮಾಡ್ತೀನಪ್ಪ" ಅನ್ನುತ್ತೀಯ. ಅದಕ್ಕೇ ಕಾಗದ.

ನೀನು ಹೇಳಿದ್ದು ಇಷ್ಟು. ರಾತ್ರಿ ಮಗನನ್ನು ಮಲಗಿಸುವಾಗ ಅವನಿಗೆ ನಿನ್ನ ಅಜ್ಜಿಯ ಸುದ್ದಿ ಹೇಳುತ್ತೀಯಂತೆ. ಮಳೆಗಾಲದ ಸಂಜೆ, ಬಚ್ಚಲ ಒಲೆಯ ಮುಂದೆ ಮಣೆ ಹಾಕಿಕೊಂಡು ಕೂತ ಅಜ್ಜಿ. ಹಸಿರು ಸೀರೆ. ಕೆಂಡದೊಳಗಿಂದ ಹಲಸಿನ ಬೀಜವನ್ನು ಕಡ್ಡಿಯಲ್ಲಿ ಎಳೆದು, ಬೂದಿ ಊದಿ, ಹೆಬ್ಬೆರಳಿನಿಂದ ಒತ್ತಿ ಸಿಪ್ಪೆ ಬಿಡಿಸಿ, ಎರಡು ಹೋಳು ಮಾಡಿ ಒಂದನ್ನು ನಿನ್ನ ಬಾಯಿಗೆ ಇಡುತ್ತಿದ್ದಳು. ಆ ಹೆಬ್ಬೆರಳಿನಲ್ಲಿ, ಉಗುರಿನ ಪಕ್ಕಕ್ಕೆ, ಒಂದು ಸುಟ್ಟ ಕಲೆ. "ಕಣ್ಣಿಗೆ ಕಟ್ಟಿದ ಹಾಗಿದೆ ಅಪ್ಪ. ಎಡಗೈಯೋ ಬಲಗೈಯೋ ಅಂತ ಮಾತ್ರ ಗೊತ್ತಾಗ್ತಿಲ್ಲ" ಅಂದೆ. ನಾನು ಒಂದು ಕ್ಷಣವೂ ತಡೆಯದೆ "ಹೂಂ, ಹೌದು, ಬಲಗೈ" ಅಂದೆ.

ನಿನ್ನ ಅಜ್ಜಿ ಹೋದಾಗ ನಿನಗೆ ಹನ್ನೊಂದು ತಿಂಗಳು. ನಾಲ್ಕೇ ಹಲ್ಲು. ಹಲಸಿನ ಬೀಜವಿರಲಿ, ಗಟ್ಟಿ ಅನ್ನವನ್ನೂ ನಿನ್ನ ಅಮ್ಮ ಬಾಯಿಗೆ ಬಿಡುತ್ತಿರಲಿಲ್ಲ.

ಸುಳ್ಳು ಹೇಳಿದವನು ಬೇರೆ ಯಾರಾದರೂ ಆಗಿದ್ದರೆ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ. 31 ವರ್ಷ ನಾನು ಕೋರ್ಟಿನಲ್ಲಿ ಕೂತು ಮಾಡಿದ್ದೇ ಜನರ ನೆನಪನ್ನು ಟೈಪ್ ಮಾಡುವ ಕೆಲಸ. ಮೊದಲು ಕಾರ್ಬನ್ ಹಾಳೆ ಇಟ್ಟು ಟೈಪ್‌ರೈಟರಿನಲ್ಲಿ, ಕೊನೆಕೊನೆಗೆ ಕಂಪ್ಯೂಟರಿನಲ್ಲಿ. ಮುಖ್ಯ ವಿಚಾರಣೆ, ಅಂದರೆ ಸಾಕ್ಷಿಯನ್ನು ಕರೆಸಿದ ಪಕ್ಷದವರ ಪ್ರಶ್ನೆ; ಆಮೇಲೆ ಪಾಟೀ ಸವಾಲು, ಅದು ಎದುರು ವಕೀಲರದು. "ನಾನು ಆ ದಿನ ಸ್ಥಳದಲ್ಲಿ ಇರಲೇ ಇಲ್ಲ ಎಂದರೆ ಸರಿಯಲ್ಲ." "ನಾನು ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ." ಈ 'ಎಂದರೆ ಸರಿಯಲ್ಲ' ನನ್ನ ಬೆರಳಿಗೆ ಎಷ್ಟು ಅಂಟಿತ್ತೆಂದರೆ ಮನೆಗೆ ಬಂದು ನಿನ್ನ ಅಮ್ಮ "ಸಾರಿಗೆ ಉಪ್ಪು ಜಾಸ್ತಿಯಾ?" ಅಂದರೆ "ಜಾಸ್ತಿಯಾಗಿದೆ ಎಂದರೆ ಸರಿಯಲ್ಲ" ಅನ್ನುತ್ತಿದ್ದೆ. 'ಗೊತ್ತಿಲ್ಲ' ಮತ್ತು 'ನೆನಪಿಲ್ಲ' ಇವೆರಡರಲ್ಲಿ ಸಾಕ್ಷಿ ಯಾವುದನ್ನು ಹೇಳಿದ ಎಂಬುದನ್ನು ಅಕ್ಷರ ತಪ್ಪದೆ ಹೊಡೆಯಬೇಕಿತ್ತು. ಎರಡೂ ಒಂದೇ ಅಲ್ಲ.

ಸುಳ್ಳುಸಾಕ್ಷಿ ಹೇಳುವವರನ್ನು ಟೈಪ್ ಮಾಡುವುದು ಸುಲಭ. ಮಗ್ಗಿ ಒಪ್ಪಿಸಿದ ಹಾಗೆ ಹೇಳುತ್ತಾರೆ. ನನಗೆ ನಿದ್ದೆ ಕೆಡಿಸಿದವರು ಸತ್ಯವಂತರು. ಒಬ್ಬ ಚಹಾದಂಗಡಿಯವನು ಬಂದಿದ್ದ. ರಸ್ತೆ ಅಪಘಾತದ ಕೇಸು, ಅವನ ಸರದಿ ಬರುವ ಹೊತ್ತಿಗೆ ಆರು ವರ್ಷ ಕಳೆದಿತ್ತು. "ಜೋರು ಮಳೆ ಸ್ವಾಮಿ, ನಾನು ಪೂರಾ ತೊಪ್ಪೆಯಾಗಿದ್ದೆ" ಅಂದ. ಮಹಜರಿನಲ್ಲಿ ಮಾರ್ಚ್ ತಿಂಗಳು, ಒಣ ರಸ್ತೆ ಎಂದಿತ್ತು. ಎದುರು ವಕೀಲರು ಅವನನ್ನು ಕಿತ್ತು ತಿಂದರು. ಅವನಿಗೆ ಕಣ್ಣಲ್ಲಿ ನೀರು. ಆಮೇಲೆ ಅವನೇ ಹೇಳಿದ ಇನ್ನೊಂದು ಮಾತಿನಿಂದ ವಿಷಯ ಬಿಚ್ಚಿಕೊಂಡಿತು: ಬಿದ್ದವನಿಗೆ ನೀರು ಕೊಡಲು ಅಂಗಡಿಯ ಕೊಡವನ್ನೇ ಎತ್ತಿಕೊಂಡು ಓಡಿದ್ದ, ಅರ್ಧ ನೀರು ಮೈಮೇಲೇ ಸುರಿದಿತ್ತು. ಒದ್ದೆಯಾಗಿದ್ದು ನಿಜ. ಒದ್ದೆಯಾದ ಮೇಲೆ ಮಳೆ ಇರಲೇಬೇಕಲ್ಲ ಅಂತ ಆರು ವರ್ಷದಲ್ಲಿ ಯಾವಾಗಲೋ ಅವನ ಮನಸ್ಸು ಮಳೆಯನ್ನು ತಂದು ಸುರಿಸಿಬಿಟ್ಟಿತ್ತು. ಅವನಿಗೆ ಗೊತ್ತಿಲ್ಲದ ಹಾಗೆ.

ನಿವೃತ್ತಿಯಾದ ಮೇಲೆ ಇದರ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಅಮೆರಿಕದಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಎಂಬಿಬ್ಬರು 1974ರಲ್ಲಿ ಒಂದು ಪ್ರಯೋಗ ಮಾಡಿದರು. ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಫಿಲ್ಮ್ ತೋರಿಸಿ ವೇಗ ಎಷ್ಟಿತ್ತು ಅಂತ ಕೇಳಿದರು. ಕೆಲವರಿಗೆ "ಕಾರುಗಳು ಗುದ್ದಿದಾಗ" ಅಂತ, ಕೆಲವರಿಗೆ "ಅಪ್ಪಳಿಸಿ ನುಜ್ಜುಗುಜ್ಜಾದಾಗ" ಅನ್ನುವಂಥ ಕ್ರಿಯಾಪದ ಹಾಕಿ. ಬದಲಾದದ್ದು ಆ ಒಂದು ಪದ ಅಷ್ಟೆ. ಮೊದಲಿನವರು ಸರಾಸರಿ ಗಂಟೆಗೆ 34 ಮೈಲಿ ಅಂದರು, ಎರಡನೆಯವರು 40ಕ್ಕೂ ಹೆಚ್ಚು. ಇಂಥದೇ ಇನ್ನೊಂದು ಪ್ರಯೋಗದಲ್ಲಿ ವಾರ ಬಿಟ್ಟು "ಒಡೆದ ಗಾಜು ನೋಡಿದಿರಾ?" ಅಂತ ಕೇಳಿದರು. ಫಿಲ್ಮಿನಲ್ಲಿ ಗಾಜು ಒಡೆದೇ ಇರಲಿಲ್ಲ. 'ಗುದ್ದಿದ' ಗುಂಪಿನ 50 ಜನರಲ್ಲಿ 7 ಮಂದಿ ನೋಡಿದೆವು ಅಂದರು, 'ಅಪ್ಪಳಿಸಿದ' ಗುಂಪಿನ 50ರಲ್ಲಿ 16 ಮಂದಿ.

ನಮ್ಮ ವಕೀಲರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಉತ್ತರವನ್ನು ಹೊಟ್ಟೆಯಲ್ಲಿಟ್ಟುಕೊಂಡು ಬರುವ ಪ್ರಶ್ನೆಗೆ ಸೂಚಕ ಪ್ರಶ್ನೆ ಅಂತ ಹೆಸರಿಟ್ಟು, ಎದುರು ಪಕ್ಷ ಆಕ್ಷೇಪಿಸಿದರೆ ಮುಖ್ಯ ವಿಚಾರಣೆಯಲ್ಲಿ ನ್ಯಾಯಾಲಯದ ಅನುಮತಿಯಿಲ್ಲದೆ ಅದನ್ನು ಕೇಳುವಂತಿಲ್ಲ ಅಂತ 1872ರ ಸಾಕ್ಷ್ಯ ಅಧಿನಿಯಮದಲ್ಲೇ ಬರೆದಿತ್ತು. 2024ರ ಜುಲೈನಿಂದ ಆ ಕಾನೂನಿನ ಜಾಗಕ್ಕೆ ಹೊಸ ಹೆಸರಿನದು ಬಂದಿದೆ. ಮನುಷ್ಯನ ಮನಸ್ಸು ಮಾತ್ರ ಹಳೆಯದೇ.

ಇಲ್ಲೊಂದು ತಮಾಷೆ ಇದೆ. ನ್ಯಾಯಾಲಯ ನಡೆಯುವುದು ಬಹುಪಾಲು ನೆನಪಿನ ಮೇಲೆ. ಆದರೆ ನ್ಯಾಯಶಾಸ್ತ್ರ, ಅಂದರೆ ತರ್ಕದ ಪಂಡಿತರ ನ್ಯಾಯ, ನೆನಪನ್ನು ಪ್ರಮಾಣಗಳ, ಅಂದರೆ ಸರಿಯಾದ ತಿಳಿವಳಿಕೆ ಬರುವ ದಾರಿಗಳ, ಪಟ್ಟಿಗೇ ಸೇರಿಸುವುದಿಲ್ಲ. ದೊಡ್ಡಪ್ಪ ನನಗೆ ಚಿಕ್ಕಂದಿನಲ್ಲಿ ಅನ್ನಂಭಟ್ಟನ ತರ್ಕಸಂಗ್ರಹ ಬಾಯಿಪಾಠ ಮಾಡಿಸಿದ್ದ. 'ಸಂಸ್ಕಾರಮಾತ್ರಜನ್ಯಂ ಜ್ಞಾನಂ ಸ್ಮೃತಿಃ.' ಹಿಂದೆ ಬಿದ್ದ ಅಚ್ಚಿನಿಂದ ಮಾತ್ರ ಹುಟ್ಟುವ ತಿಳಿವಳಿಕೆ ಸ್ಮೃತಿ. ಅದು ಅನುಭವದ ಕೋಣೆಯಿಂದಲೇ ಹೊರಗೆ. ಪ್ರತ್ಯಕ್ಷ (ಇಂದ್ರಿಯಕ್ಕೆ ನೇರ ಕಂಡದ್ದು), ಅನುಮಾನ (ಸಂಶಯವಲ್ಲ, ತರ್ಕದಿಂದ ತಿಳಿದದ್ದು), ಉಪಮಾನ (ಹೋಲಿಕೆಯಿಂದ ತಿಳಿದದ್ದು), ಶಬ್ದ (ನಂಬತಕ್ಕವರ ಮಾತಿನಿಂದ ತಿಳಿದದ್ದು), ಈ ನಾಲ್ಕಕ್ಕೆ ಒಳಗೆ ಜಾಗ. ಆಗ ಅರ್ಥವಾಗದೆ ಗಿಳಿಪಾಠ ಒಪ್ಪಿಸಿದ್ದೆ. ಕಟಕಟೆಯ ಪಕ್ಕ ಮೂರು ದಶಕ ಕೂತ ಮೇಲೆ, ಪಂಡಿತರು ತೀರ ತಪ್ಪೇನೂ ಹೇಳಿಲ್ಲ ಅನ್ನಿಸಿತು.

ಆದರೆ ಅಚ್ಚು ಅನ್ನುವ ಮಾತಿನ ಬಗ್ಗೆ ನನಗೆ ತಕರಾರಿದೆ. ನೆನಪು ಕಪಾಟಿನಲ್ಲಿ ಇಟ್ಟ ಫೈಲಾಗಿದ್ದರೆ ಎಷ್ಟು ಸಲ ತೆಗೆದು ಓದಿದರೂ ಅಕ್ಷರ ಬದಲಾಗಬಾರದು. 2000ದಲ್ಲಿ ನ್ಯೂಯಾರ್ಕಿನ ಪ್ರಯೋಗಾಲಯದಲ್ಲಿ ಕರೀಂ ನಾದೆರ್ ಮತ್ತು ಸಂಗಡಿಗರು ಇಲಿಗಳಿಗೆ ಒಂದು ಸದ್ದು ಕೇಳಿಸಿ ಶಾಕ್ ಕೊಟ್ಟು, ಆ ಸದ್ದೆಂದರೆ ಹೆದರುವ ಹಾಗೆ ಮಾಡಿದರು. ಆಮೇಲೆ ಸದ್ದನ್ನು ಮತ್ತೆ ಕೇಳಿಸಿ, ಭಯ ನೆನಪಾದ ಕೂಡಲೇ, ಮಿದುಳಿನಲ್ಲಿ ಹೊಸ ಪ್ರೋಟೀನ್ ತಯಾರಾಗದಂತೆ ತಡೆಯುವ ಔಷಧ ಚುಚ್ಚಿದರು. ಮರುದಿನ ಆ ಹಳೆಯ ಭಯ ಬಹುಪಾಲು ಹೋಗಿತ್ತು. ನೆನಪಿಸದೆ ಔಷಧ ಕೊಟ್ಟ ಇಲಿಗಳಲ್ಲಿ ಭಯ ಹಾಗೇ ಇತ್ತು. ಅಂದರೆ ನೆನಪನ್ನು ಹೊರಗೆ ತೆಗೆದಾಗ ಅದು ಮೆತ್ತಗಾಗಬಹುದು, ಆಗ ಮತ್ತೆ ಗಟ್ಟಿಮಾಡಿ ಇಡಬೇಕಾಗುತ್ತದೆ. ನನ್ನ ಭಾಷೆಯಲ್ಲಿ ಹೇಳುವುದಾದರೆ, ಫೈಲು ತೆರೆದಾಗಲೆಲ್ಲ ಇಡೀ ಹೇಳಿಕೆಯನ್ನು ಹೊಸದಾಗಿ ಟೈಪ್ ಮಾಡಿ, ಹಳೆಯ ಪ್ರತಿಯನ್ನು ಒಲೆಗೆ ಹಾಕಿದ ಹಾಗೆ. ಟೈಪಿಸ್ಟ್ ಯಾರು? ನೀನೇ. ಆ ದಿನ ನಿನಗೆ ಜ್ವರ ಇತ್ತೋ, ಸಿಟ್ಟಿತ್ತೋ, ಪಕ್ಕದಲ್ಲಿ ಯಾರು ಕೂತಿದ್ದರೋ, ಅದೆಲ್ಲ ಒಂದೆರಡು ಅಕ್ಷರದಲ್ಲಿ ನುಸುಳುತ್ತದೆ.

ಇಂಥ ಮನಸ್ಸನ್ನು ಇಟ್ಟುಕೊಂಡು ಏನು ಮಾಡುವುದು ಅಂತ ನೀನು ಕೇಳಬಹುದು. ನಾನೂ ಕೇಳಿಕೊಂಡೆ. ಉತ್ತರದ ಒಂದು ತುಂಡು ಕೆನಡಾದಲ್ಲಿ ಸಿಕ್ಕಿತು. ಎಂಡೆಲ್ ಟುಲ್ವಿಂಗ್ ಎಂಬ ಮನಶ್ಶಾಸ್ತ್ರಜ್ಞರು ಅಧ್ಯಯನ ಮಾಡಿದ ಒಬ್ಬಾತ, ಕೆ.ಸಿ. ಅಂತ ಕರೆಯುತ್ತಿದ್ದರು. 1981ರಲ್ಲಿ ಮೋಟಾರ್‌ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿತ್ತು. ಚೆಸ್ ಆಡುತ್ತಿದ್ದ, ಮಾತು ಸರಿಯಿತ್ತು, ತನ್ನ ಮನೆಯವರಿಗೊಂದು ಬೇಸಿಗೆಮನೆ ಇದೆ ಅಂತ ಗೊತ್ತಿತ್ತು. ಅಲ್ಲಿ ತಾನು ಕಳೆದ ಒಂದೇ ಒಂದು ದಿನವೂ ನೆನಪಿರಲಿಲ್ಲ. ಇಲ್ಲಿಯವರೆಗೆ ಸರಿ. "ನಾಳೆ ಏನು ಮಾಡ್ತೀಯ?" ಅಂತ ಕೇಳಿದರೆ ಅದಕ್ಕೂ ಉತ್ತರವಿಲ್ಲ! ನಿನ್ನೆಯೂ ಖಾಲಿ, ನಾಳೆಯೂ ಖಾಲಿ. ಎರಡೂ ಒಂದೇ ಬಗೆಯ ಖಾಲಿ ಅಂತ ಅವನೇ ಹೇಳಿದ್ದ.

2007ರಲ್ಲಿ ಲಂಡನ್ನಿನಲ್ಲಿ ಡೆಮಿಸ್ ಹಸಾಬಿಸ್, ಎಲಿನರ್ ಮಗ್ವಾಯರ್ ಮುಂತಾದವರು ಇದನ್ನು ಇನ್ನೂ ಹತ್ತಿರದಿಂದ ನೋಡಿದರು. (ಹಸಾಬಿಸ್ ಅಂದರೆ 2024ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡನಲ್ಲ, ಆ ಎಐ ಮನುಷ್ಯನೇ.) ಮಿದುಳಿನೊಳಗೆ ಹಿಪೊಕ್ಯಾಂಪಸ್ ಅಂತ ಕಡಲಕುದುರೆಯ ಆಕಾರದ ಒಂದು ಭಾಗವಿದೆ. ಅದು ಹಾಳಾಗಿ ನೆನಪು ಕಳಕೊಂಡ ಐವರಿಗೆ, ಬಿಳಿ ಮರಳಿನ ಕಡಲತೀರದಲ್ಲಿ ಮಲಗಿದ್ದೀರಿ ಅಂತ ಕಲ್ಪಿಸಿಕೊಳ್ಳಿ ಅಂದರು. ಇದು ನೆನಪಿನ ಪರೀಕ್ಷೆಯೇ ಅಲ್ಲ, ಬರೀ ಕಲ್ಪನೆ. ಹೆಚ್ಚಿನವರಿಗೆ ಆಗಲಿಲ್ಲ. ಚೂರುಗಳು ಸಿಗುತ್ತಿದ್ದವು, ನಿಲ್ಲಲು ಒಂದು ಜಾಗ ಕೂಡಿಬರುತ್ತಿರಲಿಲ್ಲ.

ಕನ್ನಡ ಮಾತಾಡುವವರಿಗೆ ಇದು ಅಷ್ಟೇನೂ ಆಶ್ಚರ್ಯವಾಗಬಾರದು. 'ನೆನೆಸಿಕೊ' ಅಂದರೆ ಹಿಂದಿನದನ್ನು ಮಾತ್ರವಾ? "ನಾಳೆ ಬಸ್ಸಿನಲ್ಲಿ ನಿಂತುಕೊಂಡು ಹೋಗೋದು ನೆನೆಸಿಕೊಂಡರೆ ಈಗಲೇ ಸುಸ್ತು" ಅಂತ ನೀನೇ ಎಷ್ಟು ಸಲ ಅಂದಿಲ್ಲ. ಆಗದೇ ಇರುವುದನ್ನೂ ನಾವು ನೆನೆಯುತ್ತೇವೆ. ನೆನಪಿಗೂ ಕಲ್ಪನೆಗೂ ಒಂದೇ ಕೊಟ್ಟಿಗೆ, ಒಂದೇ ಮರದ ರಾಶಿ. ಬಡಗಿ ಹಳೆಯ ಬಾಗಿಲನ್ನು ರಿಪೇರಿ ಮಾಡುವುದೂ ಹೊಸ ತೊಟ್ಟಿಲು ಮಾಡುವುದೂ ಅಲ್ಲೇ. ತೊಟ್ಟಿಲಿನ ಹಲಗೆಯೊಂದು ಬಾಗಿಲಿಗೆ ಹೋಗಿ ಕೂತರೆ ಬಡಗಿಯನ್ನು ಬೈಯಲು ನನಗೆ ಈಗ ಮನಸ್ಸಾಗುವುದಿಲ್ಲ. ಮಳೆ ಸುರಿಸಿದ ಚಹಾದಂಗಡಿಯವನನ್ನು ಮಾತ್ರ ಆವತ್ತು ಒಳಗೊಳಗೇ ಬೈದುಕೊಂಡಿದ್ದೆ.

ಈಗ ನಿನ್ನ ಅಜ್ಜಿಯ ವಿಷಯ.

ಭಾನುವಾರದಿಂದ ನಾನು ಅಂದುಕೊಂಡಿದ್ದು ಹೀಗೆ: ಬೀಜ ಸುಟ್ಟು ಅಮ್ಮ ಕೊಟ್ಟಿದ್ದು ನನಗೆ. ಅದನ್ನು ನಾನು ನಿನಗೆ ಹೇಳಿದೆ, ಹೇಳಿ ಹೇಳಿ ನೀನು ಅದರೊಳಗೆ ಹೋಗಿ ಕೂತೆ. ಅಷ್ಟಾದರೂ ಸರಿಯಿರಲಿ ಅಂತ ಮಂಗಳವಾರ ನಿನ್ನ ಅತ್ತೆಗೆ, ನನ್ನ ಅಕ್ಕನಿಗೆ, ಫೋನ್ ಮಾಡಿದೆ. ನನಗಿಂತ ಆರು ವರ್ಷ ದೊಡ್ಡವಳು. ಅವಳು ನಕ್ಕಳು. "ಅಮ್ಮ ಎಲ್ಲಿ ಬೀಜ ಸುಡ್ತಿದ್ಲು ಮಾರಾಯ? ಅವಳಿಗೆ ದಮ್ಮು. ಹೊಗೆ ಅಂದ್ರೆ ಬಚ್ಚಲಿನ ಬಾಗಿಲಿಗೂ ಬರ್ತಿರಲಿಲ್ಲ. ಸುಡ್ತಿದ್ದದ್ದು ನೀನು. ಹುಳಿಗೆ ಅಂತ ಇಟ್ಟಿದ್ದ ಬೀಜ ಖಾಲಿ ಮಾಡ್ತೀಯ ಅಂತ ಬೈಸಿಕೊಳ್ತಿದ್ದೆ. ಒಂದು ಸಲ ಕೈ ಸುಟ್ಟುಕೊಂಡು ಊರೆಲ್ಲ ಒಂದು ಮಾಡಿದ್ದೆ."

ಫೋನು ಇಟ್ಟು ಕೈ ನೋಡಿಕೊಂಡೆ. ಎಡಗೈ ಹೆಬ್ಬೆರಳು, ಉಗುರಿನ ಪಕ್ಕ. ಕಲೆ ಈಗ ಅಕ್ಕಿಕಾಳಿನಷ್ಟು. 31 ವರ್ಷ ಟೈಪ್ ಮಾಡುವಾಗ ಕಣ್ಣೆದುರೇ ಇದ್ದ ಬೆರಳು.

ನಿನಗೆ ನಾಲ್ಕೈದು ವರ್ಷವಿದ್ದಾಗ ಲೋಡ್ ಶೆಡ್ಡಿಂಗ್ ಕಾಲ. ಸಂಜೆ ಕರೆಂಟು ಹೋದರೆ ಬಾಡಿಗೆ ಮನೆಯ ಬಚ್ಚಲಲ್ಲಿ, ಹಂಡೆಯ ಒಲೆಯ ಬೆಳಕಿಗೆ, ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ನಾನೇ ಬೀಜ ಸುಟ್ಟು ಕೊಡುತ್ತಿದ್ದೆ. ಬಾಯಲ್ಲಿ ಅಜ್ಜಿಯ ಕಥೆ, ಕೈಯಲ್ಲಿ ಬೀಜ. ಇದನ್ನು ನಾನು ಮರೆತಿರಲಿಲ್ಲ. ಆದರೆ ನಿನ್ನ ನೆನಪಿನ ಪಕ್ಕ ತಂದಿಟ್ಟು ನೋಡಿರಲಿಲ್ಲ. ಸಿಪ್ಪೆ ಬಿಡಿಸುತ್ತಿದ್ದ ಬೆರಳನ್ನು ನೀನು ನಿಜಕ್ಕೂ ನೋಡಿದ್ದೆ, ಪುಟ್ಟಿ. ಕತ್ತಲೆಯಲ್ಲಿ ಕಥೆಗೆ ಮೈ ಬೇಕಾಗಿತ್ತು, ಹತ್ತಿರ ಇದ್ದದ್ದು ನನ್ನ ಕೈ, ಅದನ್ನೇ ನೀನು ಅಜ್ಜಿಗೆ ಕೊಟ್ಟೆ.

ಶಂಕರರು ಬ್ರಹ್ಮಸೂತ್ರ ಭಾಷ್ಯದ ಪೀಠಿಕೆಯಲ್ಲಿ ಅಧ್ಯಾಸ ಎಂದರೇನು ಅಂತ ಹೇಳುತ್ತಾರೆ: 'ಸ್ಮೃತಿರೂಪಃ ಪರತ್ರ ಪೂರ್ವದೃಷ್ಟಾವಭಾಸಃ.' ಹಿಂದೆ ಕಂಡದ್ದು, ನೆನಪಿನ ರೂಪದಲ್ಲಿ, ಬೇರೊಂದರಲ್ಲಿ ತೋರುವುದು. ಕಪ್ಪೆಚಿಪ್ಪಿನಲ್ಲಿ ಬೆಳ್ಳಿ ಕಂಡ ಹಾಗೆ. ಚಿಪ್ಪು ಬೆಳ್ಳಿಯಲ್ಲ, ಆದರೆ ಎಲ್ಲೋ ಒಂದು ಕಡೆ ಬೆಳ್ಳಿಯನ್ನು ನೋಡದವನಿಗೆ ಆ ಭ್ರಮೆ ಹುಟ್ಟುವುದೂ ಸಾಧ್ಯವಿಲ್ಲ. ಅವರು ಅದನ್ನು ಹೇಳಿದ್ದು ಆತ್ಮ, ಜಗತ್ತು ಅಂತ ದೊಡ್ಡ ವಿಚಾರಕ್ಕೆ. ನಾನು ಹೆಬ್ಬೆರಳಿಗೆ ಇಳಿಸಿದೆ ಅಂತ ದೊಡ್ಡಪ್ಪ ಇದ್ದಿದ್ದರೆ ಗದರುತ್ತಿದ್ದ.

ನಿನ್ನ ಮಗನಿಗೆ ಏನು ಹೇಳುತ್ತೀಯೋ ನಿನಗೆ ಬಿಟ್ಟದ್ದು. ನ್ಯಾಯಶಾಸ್ತ್ರದ ಲೆಕ್ಕದಲ್ಲಿ ಅಜ್ಜಿಯ ಕಥೆ ನಿನಗೆ ಸ್ಮೃತಿಯಲ್ಲ, ಶಬ್ದ. ಆಪ್ತನ ಮಾತಿನಿಂದ ಬಂದದ್ದು. ಆಪ್ತ ಅಂದರೆ ಯಾರು ಅಂತಲೂ ತರ್ಕಸಂಗ್ರಹದಲ್ಲೇ ಇದೆ: 'ಯಥಾರ್ಥವಕ್ತಾ', ಇದ್ದದ್ದನ್ನು ಇದ್ದ ಹಾಗೆ ಹೇಳುವವನು. ಭಾನುವಾರ ನಾನು ಆ ಪರೀಕ್ಷೆಯಲ್ಲಿ ಫೇಲಾದೆ. ಈ ಕಾಗದ ಸಪ್ಲಿಮೆಂಟರಿ ಅಂತ ತಿಳಿದುಕೋ.

ಹೇಳಿಕೆಯ ತಿದ್ದುಪಡಿ: ಬಲಗೈ ಎಂದರೆ ಸರಿಯಲ್ಲ. ಎಡಗೈ.

ಇನ್ನು ಹಸಿರು ಸೀರೆ. ಮನೆಯಲ್ಲಿರುವ ಅಮ್ಮನ ಒಂದೇ ಒಂದು ಫೋಟೋ ಕಪ್ಪು ಬಿಳುಪು. ಬಣ್ಣ ನಿನಗೆಲ್ಲಿಂದ ಬಂತೋ! ಅತ್ತೆಯನ್ನು ಕೇಳುವಾಗ ನಾನು ಬಹಳ ಹುಷಾರಾಗಿದ್ದೆ. "ಹಸಿರಾ?" ಅಂತ ಕೇಳಬಾರದು, ಸೂಚಕ ಪ್ರಶ್ನೆಯಾಗುತ್ತದೆ. "ಆ ಫೋಟೋದಲ್ಲಿ ಉಟ್ಟದ್ದು ಯಾವ ಬಣ್ಣದ್ದು?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಅದು ಸ್ಟುಡಿಯೋಕ್ಕೆ ಅಂತ ಪಕ್ಕದ ಮನೆಯವರ ಹತ್ತಿರ ಕೇಳಿ ತಂದದ್ದು ಕಣೋ. ಹಸಿರು, ಹಸಿರೇ" ಅಂದಳು. ನನಗೆ ಮೈ ಜುಂ ಅಂತು. ರಾತ್ರಿ ಮಲಗಿದ ಮೇಲೆ ಹೊಳೆಯಿತು: ಮಾತು ಶುರು ಮಾಡುವಾಗಲೇ ನಿನ್ನ ಕಥೆ ಪೂರ್ತಿ ಅವಳಿಗೆ ಹೇಳಿದ್ದೆ, ಸೀರೆ ಸಮೇತ.

ಬೀಜ ತೊಳೆದು ನೆರಳಿನಲ್ಲಿ ಒಣಗಿಸಿ ಇಟ್ಟಿದ್ದೇನೆ, ಪುಣೆಗೆ ಬರುವವರು ಯಾರಾದರೂ ಸಿಕ್ಕರೆ ಕಳಿಸುತ್ತೇನೆ. ಗ್ಯಾಸಿನ ಮೇಲೆ ಸುಡುವುದಾದರೆ ಮೊದಲು ಒಂದೊಂದಕ್ಕೂ ಚೂರಿಯಲ್ಲಿ ಕಚ್ಚು ಹಾಕು, ಇಲ್ಲದಿದ್ದರೆ ಪಟ್ ಅಂತ ಸಿಡಿಯುತ್ತದೆ. ಮಗುವನ್ನು ಸ್ವಲ್ಪ ದೂರ ಕೂರಿಸು.

ನಿನ್ನ
ಅಪ್ಪ