ಸೇಲಂ ವಿಚಾರಣೆಯ ನಾಟಕ: ಮುಂಬಯಿ ರಂಗತಂಡಗಳಿಗೊಂದು ವಿನಂತಿ

ಮಾನ್ಯ ಸಂಪಾದಕರೇ,

ಅಮೆರಿಕದ ನಾಟಕಕಾರ ಆರ್ಥರ್ ಮಿಲ್ಲರ್ ಅವರ ‘ದಿ ಕ್ರೂಸಿಬಲ್’ ನಾಟಕದ ಮಾತು ಬಂದಾಗಲೆಲ್ಲ, ಅದು ಪರದೇಶದ ಹಳೆಯ ಮೂಢನಂಬಿಕೆಯ ಕಥೆ, ನಮ್ಮವರಿಗೆ ದೂರದ್ದು ಎಂಬ ಅಭಿಪ್ರಾಯ ಮುಂಬಯಿಯ ಕನ್ನಡ ರಂಗಾಸಕ್ತರಲ್ಲಿ ಕೇಳಿಬರುತ್ತದೆ. ಇದನ್ನು ನಾನು ಒಪ್ಪಲಾರೆ.

1692ರಲ್ಲಿ ಅಮೆರಿಕದ ಸೇಲಂನಲ್ಲಿ ಮಾಟದ ಆರೋಪ ಹೊರಿಸಿ 19 ಮಂದಿಯನ್ನು ನೇಣಿಗೇರಿಸಿದರು. ನ್ಯಾಯಾಲಯದ ಮುಂದೆ ಬಾಯಿ ಬಿಡಲೊಪ್ಪದ ವೃದ್ಧ ಜೈಲ್ಸ್ ಕೋರಿಯನ್ನು ಮೈಮೇಲೆ ಕಲ್ಲು ಹೇರಿ ಕೊಂದರು. ಇದೇ ಈ ನಾಟಕದ ವಸ್ತು. ಆದರೆ ನಾಟಕ ನಮ್ಮನ್ನು ನಡುಗಿಸುವುದು ಈ ಸಾವುಗಳಿಗಿಂತ ಹೆಚ್ಚಾಗಿ ಆ ನ್ಯಾಯಾಲಯ ನಡೆದ ರೀತಿಯಿಂದ. ಮಾಟವೆಂಬುದು ಕಣ್ಣಿಗೆ ಕಾಣದ ಅಪರಾಧವಾದ್ದರಿಂದ ಅದಕ್ಕೆ ತುತ್ತಾದವರ ಮಾತೇ ಸಾಕ್ಷಿ ಎಂದು ನ್ಯಾಯಾಧೀಶ ಡ್ಯಾನ್‌ಫರ್ತ್ ಸಾಧಿಸುತ್ತಾನೆ. ಅಲ್ಲಿಗೆ ನಿರಪರಾಧಿಗೆ ದಾರಿಯೇ ಮುಚ್ಚಿಹೋಗುತ್ತದೆ: ತಪ್ಪೊಪ್ಪಿಕೊಂಡವರು ಬದುಕುತ್ತಾರೆ, ಸುಳ್ಳಾಡಲೊಲ್ಲದವರು ಸಾಯುತ್ತಾರೆ. ನೆರೆಯವರ ಜಮೀನಿನ ಮೇಲೆ ಕಣ್ಣಿಟ್ಟ ಪಟ್ನಮ್‌ನಂಥವರಿಗೆ ಇದಕ್ಕಿಂತ ಅನುಕೂಲದ ಕಾಲ ಬೇರಾವುದು? ಕೊನೆಯ ಅಂಕದಲ್ಲಿ ನೇಣನ್ನು ಮುಂದೂಡಿ ಎಂಬ ಕೋರಿಕೆ ಬಂದಾಗ, ಈಗಾಗಲೇ 12 ಮಂದಿಯನ್ನು ಗಲ್ಲಿಗೇರಿಸಿಯಾಗಿದೆ, ಇನ್ನು ಹಿಂಜರಿದರೆ ಅವರ ಅಪರಾಧದ ಮೇಲೂ ಸಂಶಯ ಹುಟ್ಟುತ್ತದೆ ಎಂದು ಡ್ಯಾನ್‌ಫರ್ತ್ ನಿರಾಕರಿಸುತ್ತಾನೆ. ಊರಿನವರಿಗೆ ದೆವ್ವದ ಭಯವಾದರೆ ಅಧಿಕಾರಕ್ಕೆ ತನ್ನ ತಪ್ಪು ಬಯಲಾಗುವ ಭಯ. ಎರಡನೆಯದೇ ಹೆಚ್ಚು ಕ್ರೂರವೆಂದು ನನ್ನ ಎಣಿಕೆ.

1953ರಲ್ಲಿ ಈ ನಾಟಕ ರಂಗಕ್ಕೆ ಬಂದಾಗ ಅಮೆರಿಕದಲ್ಲಿ ಕಮ್ಯುನಿಸ್ಟರ ಬೇಟೆ ನಡೆದಿತ್ತು. 1956ರಲ್ಲಿ ಸಂಸತ್ತಿನ ಸಮಿತಿಯೊಂದು ಸ್ವತಃ ಮಿಲ್ಲರ್ ಅವರನ್ನೇ ಕರೆಸಿ ಪ್ರಶ್ನಿಸಿತು. ಕಮ್ಯುನಿಸ್ಟರ ಸಭೆಗಳಲ್ಲಿದ್ದ ಇತರರ ಹೆಸರನ್ನು ಅವರು ಹೇಳಲಿಲ್ಲ.

ಇದು ದೂರದ್ದೆನ್ನುವವರು ನಾವಿರುವ ಈ ರಾಜ್ಯವನ್ನೇ ನೋಡಬೇಕು. ಮೂಢನಂಬಿಕೆ ವಿರೋಧಿ ಕಾನೂನಿಗಾಗಿ ವರ್ಷಗಟ್ಟಲೆ ದುಡಿದ ಡಾ. ನರೇಂದ್ರ ದಾಭೋಲ್ಕರ್ ಅವರನ್ನು 2013ರ ಆಗಸ್ಟ್ 20ರಂದು ಪುಣೆಯಲ್ಲಿ ಗುಂಡಿಕ್ಕಿ ಕೊಂದರು. ಅದೇ ವರ್ಷ ಜಾರಿಗೆ ಬಂದ ಮಹಾರಾಷ್ಟ್ರದ ಕಾನೂನಿನಲ್ಲಿ, ಒಬ್ಬ ವ್ಯಕ್ತಿ ಕರಣಿ, ಮಾಟ ಮಾಡುತ್ತಾನೆಂದು ಸಾರಿ ಅವನ ಬಾಳನ್ನು ದುರ್ಭರಗೊಳಿಸುವುದೂ ಶಿಕ್ಷಾರ್ಹ ಅಪರಾಧ. ಇಂಥದೊಂದು ಕಲಮು ಬೇಕಾಯಿತೆಂಬುದೇ ಸೇಲಂ ನಮಗೆಷ್ಟು ಹತ್ತಿರವೆಂದು ಹೇಳುತ್ತದೆ.

ಆದ್ದರಿಂದ ಮಾಟುಂಗಾದ ಮೈಸೂರು ಅಸೋಸಿಯೇಷನ್, ಮಾಹೀಮಿನ ಕರ್ನಾಟಕ ಸಂಘ ಹಾಗೂ ನಗರದ ಹವ್ಯಾಸಿ ತಂಡಗಳು ಈ ಕೃತಿಯನ್ನು ಕನ್ನಡದಲ್ಲಿ ರಂಗಕ್ಕೆ ತರುವ ಬಗ್ಗೆ ಯೋಚಿಸಬೇಕೆಂದು ಕೋರುತ್ತೇನೆ. ನಾಟಕದ ನಾಯಕ, ರೈತ ಪ್ರಾಕ್ಟರ್ ಮತ್ತು ಅವನ ಮನೆಯಲ್ಲಿ ಕೆಲಸಕ್ಕಿದ್ದ ಅಬಿಗೇಲ್‌ರ ಪ್ರಣಯವನ್ನೇ ಮುಂದೊಡ್ಡದೆ, ದೆವ್ವವನ್ನು ಪತ್ತೆಹಚ್ಚಲು ಹೊತ್ತಿಗೆಗಳ ಹೊರೆಯೊಂದಿಗೆ ಬಂದು, ಮರಣದಂಡನೆಯ ಆಜ್ಞೆಗಳಿಗೆ ಸಹಿ ಹಾಕಿ, ಕಡೆಗೆ ಆ ನ್ಯಾಯಾಲಯವನ್ನೇ ಧಿಕ್ಕರಿಸಿ ಹೊರನಡೆಯುವ ಪಾದ್ರಿ ಹೇಲ್‌ನ ಪಾತ್ರಕ್ಕೆ ನಿರ್ದೇಶಕರು ಪೂರ್ಣ ನ್ಯಾಯ ಒದಗಿಸಬೇಕು. ಅವನ ಮಾತುಗಳನ್ನು ದಯವಿಟ್ಟು ಕತ್ತರಿಸಬೇಡಿ.

— ಓರ್ವ ರಂಗಾಸಕ್ತ, ಡೊಂಬಿವಲಿ